ಕುಮುದಿನಿ ಮತ್ತು ಬಿಳಿಹೊಳೆಯ ಮೀನು

ಬಲು ಹಿಂದೆ, ಸುಣ್ಣಕಲ್ಲಿನ ಬೆಟ್ಟಗಳ ಬುಡದಲ್ಲಿ ಶ್ವೇತಪುರಿ ಎಂಬ ರಾಜ್ಯವಿತ್ತು. ಬೆಟ್ಟದ ಒಡಲಿನಿಂದ ಉಕ್ಕುವ ಬಿಳಿಹೊಳೆ ಗಾಜಿನಂತೆ ತಿಳಿಯಾಗಿ ಹರಿಯುತ್ತಿತ್ತು. ಅರಮನೆಯವರಿಗೆ ಅಚ್ಚುಕಟ್ಟೆಂದರೆ ಪ್ರಾಣ. ಅವರು ಹೊಳೆಯ ಡೊಂಕು ತಿದ್ದಿ ನೆಟ್ಟಗೆ ಮಾಡಿದರು. ತಳದ ನೊರಜುಗಲ್ಲು ಬಾಚಿ ಅಂಗಳಕ್ಕೆ ಹಾಸಿದರು. ಹಬ್ಬ ಬಂದಾಗಲೆಲ್ಲ ನೀರಗಿಡಗಳನ್ನು ಬುಡಸಹಿತ ಕಿತ್ತರು. ಕೀಳುವವರಲ್ಲಿ ರಾಜಕುಮಾರಿ ಕುಮುದಿನಿಯೇ ಮುಂದು.

ಬೋಳಾದ ಹೊಳೆಗೆ ಕೆಸರಿನ ಮಾಂತ್ರಿಕ ಪಂಕಾಕ್ಷ ಬಂದು ನೆಲೆಸಿದ. ನೀರು ರಾಡಿಯಾಯಿತು. ಈಜಲು ಹೋದ ಕುಮುದಿನಿಯ ತಮ್ಮ ವಿಜಯಾಂಕನನ್ನು ಅವನು ಮೀನಾಗಿಸಿಬಿಟ್ಟ!

ಕುಮುದಿನಿ ದಡಕ್ಕೆ ಓಡಿ ಬಂದಳು. ಮೀನು ತಲೆಯೆತ್ತಿತು.

"ಅಕ್ಕಾ, ಉಸಿರು ಕಟ್ಟುತ್ತಿದೆ. ಹುಣ್ಣಿಮೆಯೊಳಗೆ ಹೊಳೆ ಮೊದಲಿನಂತಾಗದಿದ್ದರೆ ನಾನು ಉಳಿಯುವುದಿಲ್ಲ."

"ಹೆದರಬೇಡ ಕಣೋ, ನಾನಿದ್ದೇನೆ!"

ಮೊದಲು ಕಲ್ಲು. ಅಂಗಳದ ನೊರಜುಗಲ್ಲು ಬುಟ್ಟಿಗೆ ತುಂಬಿ ಹೊಳೆಗೆ ಹೊತ್ತು ಬರುವಾಗ ಮಾಂತ್ರಿಕನ ಕಬ್ಬಿಣದ ಕೋಡಿನ ಕೋಣ ಅಡ್ಡ ನಿಂತಿತು. "ಸರಿ ಆಚೆಗೆ!" ಎಂದು ಗದರಿದಳು. ಅದನ್ನು ಅದುವರೆಗೆ ಯಾರೂ ಗದರಿರಲಿಲ್ಲ. ಕೋಣ ಸರಿದು ನಿಂತಿತು, ಕಲ್ಲು ಹೊಳೆಯ ತಳ ಸೇರಿತು.

ಎರಡನೆಯದು ಹೊಳೆಯ ಡೊಂಕು. ನೀರಿಗೆ ಅಡ್ಡವಾಗಿ ಅವಳು ಇಟ್ಟ ಮರದ ದಿಮ್ಮಿ ಹೆಬ್ಬಾವಾಗಿ ಅವಳನ್ನೇ ಸುತ್ತಿಕೊಂಡಿತು. ಕುಮುದಿನಿ ಹಿಡಿತ ಬಿಡದೆ ಅದನ್ನು ನೀರಿಗೆ ಒತ್ತಿದಳು. ಹಾವು ಬಳುಕಿದ ಕಡೆಯೆಲ್ಲ ಹೊಳೆಯೂ ಬಳುಕಿತು!

ಮೂರನೆಯದು ನೀರಗಿಡ. ನೆಟ್ಟ ಕುಡಿಗಳು ನೋಡನೋಡುತ್ತಲೇ ಹಬ್ಬಿದವು. ಅಷ್ಟರಲ್ಲಿ ಅರಮನೆಯ ಹಿರಿಯ ದಾಸಿ ಬಂದು ಹಣೆ ಚಚ್ಚಿಕೊಂಡಳು.

"ಶಿವ ಶಿವಾ! ನಾಳೆ ಹುಣ್ಣಿಮೆಯ ಹಬ್ಬ, ತಾಯೀ. ಹೊಳೆ ತುಂಬ ಕಳೆ! ಬಂದ ನೆಂಟರು ಏನಂದಾರು? ಒಂದೇ ಒಂದು ಗಿಡ ಕಿತ್ತುಬಿಡಿ, ಸಾಕು."

ಕುಮುದಿನಿಯ ಬೆರಳುಗಳು ತುರಿಸಿದವು. ಬಗ್ಗಿಯೇಬಿಟ್ಟಳು! ಗಿಡದ ಬುಡದಲ್ಲಿ ಕೆಸರು ತಡೆದು ನಿಂತಿತ್ತು. ಅದರಾಚೆಯ ತಿಳಿನೀರಿನಲ್ಲಿ ಮೀನು ಹಾಯಾಗಿ ಉಸಿರಾಡುತ್ತಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಯಾರು ಏನಾದರೂ ಅನ್ನಲಿ. ಕೀಳುವುದಿಲ್ಲ."

ದಾಸಿಯ ಮುಖದಿಂದ ಕೆಸರು ಇಳಿಯತೊಡಗಿತು. ಅವಳು ದಾಸಿಯಲ್ಲ, ಪಂಕಾಕ್ಷ! ಅರಚುತ್ತ ಹೊಳೆಗೆ ಹಾರಿದವನನ್ನು ಗಿಡಗಳು ಸೋಸಿ ಸೋಸಿ ಹಿಡಿ ಮಣ್ಣಾಗಿಸಿದವು. ಆ ಮಣ್ಣಿನಲ್ಲೇ ಬಿಳಿ ಹೂವೊಂದು ಅರಳಿತು.

ನೀರು ಸೀಳಿ ವಿಜಯಾಂಕ ಎದ್ದು ನಿಂತ, ತಲೆ ತುಂಬ ನೀರಗಿಡ ಹೊತ್ತು. ಕುಮುದಿನಿಯ ಕೈ ತಾನಾಗಿ ಮುಂದೆ ಹೋಯಿತು.

"ಅಕ್ಕಾ, ಕೈ ತೆಗಿ! ಇದನ್ನೂ ಕೀಳುತ್ತೀಯಾ?"

ದಡವೆಲ್ಲ ನಗೆಯಲ್ಲಿ ತೇಲಿತು. ಅಂದಿನಿಂದ ಹಬ್ಬಕ್ಕೆ ಅಂಗಳವನ್ನಷ್ಟೇ ಗುಡಿಸಿದರು. ಹೊಳೆ ಡೊಂಕುಡೊಂಕಾಗಿ ಹರಿಯಿತು, ಮೀನುಗಳು ನೊರಜುಗಲ್ಲಿನ ಸಂದಿಯಲ್ಲಿ ಮೊಟ್ಟೆಯಿಟ್ಟವು, ಶ್ವೇತಪುರಿಯವರು ಆ ತಿಳಿನೀರು ಕುಡಿದು ನೂರ್ಕಾಲ ಸುಖವಾಗಿ ಬಾಳಿದರು.