ಇಬ್ಬರೇ ಇರುವ ಮನೆ

"ಉಸಿರು ಬಿಡ್ಬೇಡ," ಎಂದಳು ಮಮ್ಮಿ, ಸ್ಟೇಸಿಯ ಕಿವಿಯಲ್ಲಿ.

ಉಸಿರು ಬಿಡದೆ ಎಷ್ಟು ಹೊತ್ತು ಕೂರುವುದು? ಬಾತ್‌ರೂಮಿನ ಬಕೆಟನ್ನು ಕವುಚಿ ಹಾಕಿ ಸ್ಟೇಸಿ ಅದರ ಮೇಲೆ ಕೂತಿದ್ದಳು. ಮಮ್ಮಿ ಟಬ್ಬಿನೊಳಗೆ ನಿಂತಿದ್ದಳು. ಅವಳ ಕಾಲ ಬುಡದಲ್ಲಿ ಚಪ್ಪಲಿ, ಶೂ ಎಲ್ಲ ರಾಶಿ ಬಿದ್ದಿದ್ದವು, ಅವೂ ಸ್ನಾನಕ್ಕೆ ಬಂದ ಹಾಗೆ.

ಆಚೆ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬೆಡ್‌ಶೀಟಿನ ಹಿಂದೆ, ಡ್ಯಾನಿಯಲ್ ಅಂಕಲ್ ನಿಂತಿದ್ದರು. ನೈಟ್ ಡ್ಯೂಟಿ ಮುಗಿಸಿ ಮಲಗಿದ್ದವರನ್ನು ಎಬ್ಬಿಸಿ ಅಟ್ಟಿದ್ದರಿಂದ ಮೈಮೇಲೆ ಬನಿಯನ್, ಲುಂಗಿ ಮಾತ್ರ. ಡ್ಯಾಡಿ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ.

ಇದಕ್ಕೆಲ್ಲ ಕಾರಣ ಮೂರು ಮಿಸ್ಡ್ ಕಾಲ್.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಆ ಫ್ಲ್ಯಾಟು ಹರ್ಬರ್ಟ್ ಅಂಕಲ್ ಹೆಸರಿನಲ್ಲಿತ್ತು. ಒಂದು ಬೆಡ್‌ರೂಮಿನಲ್ಲಿ ಅವರೂ ಮೆಟಿಲ್ಡಾ ಆಂಟಿಯೂ. ಇನ್ನೊಂದರಲ್ಲಿ ಸ್ಟೇಸಿ, ಮಮ್ಮಿ, ಡ್ಯಾಡಿ. ಹಾಲಿನ ಮೂಲೆಗೆ ಪ್ಲೈವುಡ್ ನಿಲ್ಲಿಸಿ, ಅದರ ಹಿಂದೆ ಡ್ಯಾನಿಯಲ್ ಅಂಕಲ್. ಹೀಗೆ ಶೇರಿಂಗ್‌ನಲ್ಲಿ ಇರಬಾರದಂತೆ, ಮುನ್ಸಿಪಾಲಿಟಿಯವರು ಚೆಕಿಂಗಿಗೆ ಬರುತ್ತಾರಂತೆ. ಅದಕ್ಕೇ ಕಟ್ಟಡದ ನಾತೂರ್, ಅಂದರೆ ವಾಚ್‌ಮನ್, ಕೊರಗಪ್ಪಣ್ಣನ ಜೊತೆ ಒಂದು ಏರ್ಪಾಡು. ಕೆಳಗೆ ಗೇಟಿನಲ್ಲಿ ಕೂರುವ ಅವನು, ಫೈಲು ಹಿಡಿದು ಕುತ್ತಿಗೆಗೆ ಕಾರ್ಡು ನೇತು ಹಾಕಿದ ಯಾರನ್ನೇ ಕಂಡರೂ ಮೂರು ಮಿಸ್ಡ್ ಕಾಲ್ ಕೊಡಬೇಕು.

ಕೊಟ್ಟ ಕೂಡಲೇ ಹರ್ಬರ್ಟ್ ಅಂಕಲ್ "ಯಲ್ಲಾ, ಯಲ್ಲಾ" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ. ಪ್ಲೈವುಡ್ಡಿಗೆ ಯೇಸುವಿನ ಫೋಟೋ. ಯಾರಾದರೂ ಕೇಳಿದರೆ ಅದು ಪ್ರಾರ್ಥನೆಯ ಕೋಣೆ.

ಸಿಕ್ಕಿಬಿದ್ದರೆ ರೂಮು ಹೋಯಿತು. ರೂಮು ಹೋದರೆ ಮಮ್ಮಿಯೂ ಸ್ಟೇಸಿಯೂ ಊರು ಕಟಪಾಡಿಗೆ, ಡ್ಯಾಡಿ ಒಬ್ಬರೇ ಇಲ್ಲಿ. ಇದನ್ನು ಮಮ್ಮಿ ಎಷ್ಟು ಸಲ ಹೇಳಿದ್ದಳೆಂದರೆ, ಸ್ಟೇಸಿಗೆ ಬಕೆಟ್ ಕಂಡರೆ ಡ್ಯಾಡಿಯ ನೆನಪಾಗುತ್ತಿತ್ತು.

ಬೆಲ್ ಆಯಿತು.

"ಗುಡ್ ಆಫ್ಟರ್‌ನೂನ್ ಸರ್," ಎಂದಿತು ಒಂದು ಎಳೆಯ ದನಿ, ಇಂಗ್ಲಿಷಿನಲ್ಲಿ. "ನಾನು ಸೆನ್ಸಸ್‌ನಿಂದ ಬಂದಿದ್ದೇನೆ."

ಸ್ಟೇಸಿ ಬಕೆಟಿನಿಂದ ಅರ್ಧ ಎದ್ದೇಬಿಟ್ಟಳು. ಮಮ್ಮಿ ಹೆಗಲು ಅದುಮಿ ಕೂರಿಸಿದಳು.

ಸೆನ್ಸಸ್! ಹೋದ ವಾರ ಸ್ಕೂಲಿನಲ್ಲಿ ಥಾಮಸ್ ಸರ್ ಹೇಳಿದ್ದರು. ಎರಡು ಸಾವಿರದ ಹನ್ನೊಂದರ ಅಕ್ಟೋಬರಿನಲ್ಲಿ ಅಬುಧಾಬಿಯಲ್ಲಿ ಇರುವವರನ್ನೆಲ್ಲ ಎಣಿಸುತ್ತಾರೆ, ಯಾವ ದೇಶದವರಾದರೂ ಸರಿ. ಕೆಲವು ದೇಶಗಳಲ್ಲಿ ನೂರು ವರ್ಷ ಹಳೆಯ ಸೆನ್ಸಸ್ ಕಾಗದ ತೆಗೆದು ಜನ ಓದುತ್ತಾರಂತೆ. ತಮ್ಮ ಮುತ್ತಜ್ಜಿ ಯಾವ ಬೀದಿಯಲ್ಲಿದ್ದಳು, ಆಗ ಅವಳಿಗೆ ಎಷ್ಟು ವಯಸ್ಸು, ಎಲ್ಲ ಅದರಲ್ಲಿ ಸಿಗುತ್ತದಂತೆ. "ನೀವೂ ಒಂದು ದಿನ ಯಾರದ್ದೋ ಮುತ್ತಜ್ಜಿ ಆಗ್ಬಹುದು," ಎಂದಾಗ ಕ್ಲಾಸೆಲ್ಲ ನಕ್ಕಿತ್ತು.

ಸ್ಟೇಸಿ ನಕ್ಕಿರಲಿಲ್ಲ. ಅಂದಿನಿಂದ ಅವಳು ಕನ್ನಡಿಯ ಮುಂದೆ ಪ್ರ್ಯಾಕ್ಟೀಸ್ ಮಾಡುತ್ತಿದ್ದಳು. ಸ್ಟೇಸಿ ಕ್ಲಾರಾ ಮಥಾಯಸ್. ವಯಸ್ಸು ಹತ್ತು. ಊರು ಕಟಪಾಡಿ. ಎಲೆಕ್ಟ್ರಾ ಸ್ಟ್ರೀಟ್, ನಾಲ್ಕನೇ ಮಾಳಿಗೆ.

ಹರ್ಬರ್ಟ್ ಅಂಕಲ್‌ಗೂ ಹೇಳಿದ್ದಳು. "ಹೆದರ್ಲಿಕ್ಕೆ ಇಲ್ಲ ಅಂಕಲ್. ಸೆನ್ಸಸ್‌ನವ್ರು ಯಾರಿಗೂ ಹೇಳುದಿಲ್ಲ. ಸರ್ ಹೇಳಿದ್ದು."

"ಹೌದಾ? ಹಾಗಾದ್ರೆ ಫೈನ್ ಬಂದ್ರೆ ನಿನ್ನ ಥಾಮಸ್ ಸರ್ ಕಟ್ತಾರಾ? ಕೇಳಿ ಬಾ," ಎಂದಿದ್ದರು ಅವರು.

ಈಗ ಬಾಗಿಲಲ್ಲಿ ಆ ಹುಡುಗ ಅದನ್ನೇ ಹೇಳುತ್ತಿದ್ದ. "ಇದು ಮುನ್ಸಿಪಾಲಿಟಿ ಅಲ್ಲ ಸರ್. ಬಾಡಿಗೆ ಯಾರು ಕೊಡ್ತಾರೆ ಅಂತ ನಮ್ಗೆ ಬೇಡ. ಇಲ್ಲಿ ಯಾರು ಯಾರು ಇರ್ತಾರೆ, ಅಷ್ಟು ಸಾಕು."

ಸ್ಟೇಸಿ ಮಮ್ಮಿಯ ಮುಖ ನೋಡಿದಳು. ಮಮ್ಮಿ ಬಾಗಿಲಿನ ಚಿಲಕ ನೋಡುತ್ತಿದ್ದಳು.

"ಇಬ್ಬರು," ಎಂದರು ಹರ್ಬರ್ಟ್ ಅಂಕಲ್. "ನಾನು ಮತ್ತು ನನ್ನ ಹೆಂಡತಿ."

"ಇಬ್ಬರೇ? ಈ ಶೂ?"

ಟಬ್ಬಿನಲ್ಲಿದ್ದ ರಾಶಿಯನ್ನು ಸ್ಟೇಸಿ ಕಣ್ಣಲ್ಲೇ ಹುಡುಕಿದಳು. ಅವಳ ಸ್ಕೂಲ್ ಶೂ ಒಂದೇ ಇತ್ತು. ಬಲಗಾಲಿನದ್ದು.

"ಅದು ಇವಳದ್ದು," ಎಂದರು ಅಂಕಲ್.

ಮೆಟಿಲ್ಡಾ ಆಂಟಿಯ ಕಾಲಿಗೆ ಗಂಡಸರ ಅಂಗಡಿಯಲ್ಲೇ ಚಪ್ಪಲಿ ಹುಡುಕಬೇಕು. ಆ ಹುಡುಗ ಶೂವನ್ನೂ ಆಂಟಿಯ ಪಾದವನ್ನೂ ನೋಡಿರಬೇಕು. ಆಮೇಲೆ ಬಹಳ ಮರ್ಯಾದೆಯಿಂದ, "ಓಕೆ ಮೇಡಂ," ಎಂದ.

ಪಾರಾದ ಖುಷಿಗೆ ಹರ್ಬರ್ಟ್ ಅಂಕಲ್‌ಗೆ ಮಾತು ಬಂತು. "ನನ್ನ ಹೆಸರು ಪೂರ್ತಿ ಬರೀಬೇಕು. ಹರ್ಬರ್ಟ್ ಜೋಸೆಫ್ ಸಾಲ್ವದೋರ್ ಲೋಬೊ. ಅರ್ಧ ಬಿಡ್ಬಾರ್ದು. ನಾಳೆ ನನ್ನ ಮರಿಮಕ್ಕಳು ಹುಡುಕುವಾಗ ಸಿಗ್ಬೇಕಲ್ಲ? ಇಲ್ಲಿ ನೋಡಿ, ಇದು ನಮ್ಮ ವಂಶವೃಕ್ಷ."

ಸೋಫಾದ ಮೇಲಿನ ಗೋಡೆಯಲ್ಲಿ ನಾಲ್ಕು ಚಾರ್ಟ್‌ಪೇಪರ್ ಸೇರಿಸಿ ಅಂಟಿಸಿದ ವಂಶವೃಕ್ಷ ಇತ್ತು. ಒಂಬತ್ತು ತಲೆಮಾರು. ರಜೆಗೆ ಊರಿಗೆ ಹೋದಾಗಲೆಲ್ಲ ಅಂಕಲ್ ಪಾದ್ರಿಗಳನ್ನು ಕೇಳಿ ಇಗರ್ಜಿಯ ಹಳೆಯ ಪುಸ್ತಕಗಳಲ್ಲಿ ಮುಳುಗಿ ಬರೆದು ತಂದದ್ದು. ಈಗ ಬುಡದಿಂದ ತುದಿಯವರೆಗೆ ಅದನ್ನು ಆ ಹುಡುಗನಿಗೆ ವಿವರಿಸಿದರು. ಆರನೇ ತಲೆಮಾರು ಬರುವಾಗ ಸ್ಟೇಸಿಯ ಕಾಲಿಗೆ ಜೋಮು ಹಿಡಿಯಿತು. ಬಾಲ್ಕನಿಯಲ್ಲಿ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಇತ್ತು.

ಕೊನೆಗೆ ಬಾಗಿಲು ಮುಚ್ಚಿದ ಸದ್ದು.

"ಖಲಾಸ್," ಎಂದರು ಅಂಕಲ್. "ಎಲ್ರೂ ಬನ್ನಿ."

ಡ್ಯಾನಿಯಲ್ ಅಂಕಲ್ ಕೆಂಪಗೆ ಬೆಂದು ಒಳಗೆ ಬಂದರು. "ಎಂತ ಹರ್ಬರ್ಟ್‌ಬಾಬ್, ನಿಮ್ಮ ಪೂರ್ವಜರು ಇಷ್ಟು ಜನ ಯಾಕೆ? ನಾನು ಅಲ್ಲಿ ಸುಟ್ಟು ಹೋದೆ."

ಬಾಗಿಲ ಹೊರಗೆ ಹೊಸ ಸ್ಟಿಕ್ಕರ್ ಅಂಟಿತ್ತು, ಈ ಮನೆಯ ಎಣಿಕೆ ಮುಗಿಯಿತು ಎಂದು. ಅದರ ಕೆಳಗೆ ಸ್ಟೇಸಿಯ ಎಡಗಾಲಿನ ಶೂ. ಅವಳು ಅದನ್ನು ಎತ್ತಿಕೊಂಡು ಒಳಗೆ ಬಂದಳು.

ಸಂಜೆ ಹರ್ಬರ್ಟ್ ಅಂಕಲ್ ಭಾರೀ ಖುಷಿಯಲ್ಲಿದ್ದರು. ಸೋಫಾದ ಮೇಲೆ ನಿಂತು ವಂಶವೃಕ್ಷದ ಬಾಕ್ಸುಗಳಿಗೆ ಕಪ್ಪು ಗೆರೆ ಎಳೆಯುತ್ತಿದ್ದರು. ಸ್ಟೇಸಿ ಸ್ಕೇಲು ಹಿಡಿದಿದ್ದಳು. ಅದು ಅವಳ ಯಾವಾಗಲಿನ ಕೆಲಸ.

ಒಂದು ಬಾಕ್ಸಿನಲ್ಲಿ ಹೆಸರಿರಲಿಲ್ಲ. ಬರೀ ಒಂದು ಪ್ರಶ್ನೆ ಚಿಹ್ನೆ.

"ನೋಡು ಇದನ್ನು," ಎಂದರು ಅಂಕಲ್, ಪೆನ್ನಿನಿಂದ ಕುಟ್ಟಿ. "ನನ್ನ ಮುತ್ತಜ್ಜನಿಗೆ ಐದು ಮಕ್ಕಳು ಅಂತ ಪುಸ್ತಕದಲ್ಲಿ ಉಂಟು. ಹೆಸರು ನಾಲ್ಕೇ. ಐದನೆಯದ್ದು ಎಲ್ಲಿ? ಹತ್ತು ವರ್ಷದಿಂದ ಹುಡುಕ್ತಾ ಇದ್ದೇನೆ. ಆಗಿನ ಜನಕ್ಕೆ ಎಂಥ ಉದಾಸೀನ ಅಂತೇನೆ. ಒಂದು ಮಗುವಿನ ಹೆಸರು ಬರೆಸ್ಲಿಕ್ಕೆ ಕೈ ನೋಯ್ತಿತ್ತಾ ಇವರಿಗೆ?"

ಸ್ಟೇಸಿ ಪ್ರಶ್ನೆ ಚಿಹ್ನೆಯನ್ನು ನೋಡಿದಳು.

"ಬಾತ್‌ರೂಮಲ್ಲಿ ಇದ್ದಿರ್ಬಹುದು ಅಂಕಲ್," ಎಂದಳು.

ಅವಳು ತಮಾಷೆಗೆ ಹೇಳಿದ್ದಲ್ಲ. ಆದರೂ ಪ್ಲೈವುಡ್ಡಿನ ಹಿಂದಿನಿಂದ ಡ್ಯಾನಿಯಲ್ ಅಂಕಲ್ ನಕ್ಕು, ಕೂಡಲೇ ಕೆಮ್ಮಿದರು. ಅಡುಗೆಮನೆಯಲ್ಲಿ ಮೆಟಿಲ್ಡಾ ಆಂಟಿಯ ಸೌಟು ನಿಂತಿತು.

ಹರ್ಬರ್ಟ್ ಅಂಕಲ್ ಗೆರೆ ಎಳೆಯುತ್ತಿದ್ದ ಪೆನ್ನು ಒಂದೇ ಕಡೆ ನಿಂತು ಅಲ್ಲೊಂದು ದಪ್ಪ ಕಪ್ಪು ಚುಕ್ಕೆ ಆಯಿತು.

"ಸ್ಕೇಲು ಸರಿ ಹಿಡಿ," ಎಂದರು ಕೊನೆಗೆ. ಆದರೆ ಗೆರೆ ಎಳೆಯಲಿಲ್ಲ. ಸೋಫಾದಿಂದ ಇಳಿದು, ಏನೋ ಮರೆತವರ ಹಾಗೆ ಅಡುಗೆಮನೆಗೆ ಹೋದರು.

ಸ್ಟೇಸಿ ಅಲ್ಲೇ ನಿಂತಿದ್ದಳು. ಇಷ್ಟು ದಿನ ಅವಳಿಗೆ ಅದು ಖಾಲಿ ಬಾಕ್ಸಿನ ಹಾಗೆ ಕಾಣುತ್ತಿತ್ತು. ಈಗ ಕಾಣಲಿಲ್ಲ. ಅದರೊಳಗೆ ಯಾರೋ ಕೂತಿದ್ದರು, ಮೊಣಕಾಲು ಮಡಚಿ, ಉಸಿರು ಹಿಡಿದು, ಹೊರಗಿನ ಮಾತಿಗೆ ಕಿವಿ ಕೊಟ್ಟು. ಕರೆದರೆ ಹೇಳಲು ಅವರಿಗೂ ಪೂರ್ತಿ ಹೆಸರು ಬಾಯಿಪಾಠ ಇತ್ತು.