ಮಡಚಿದ ತುದಿ

ಪ್ರೊಫೆಸರ್ ಕ್ವೆಕ್ ಅವರ ತಲೆ ಸೂಕ್ಷ್ಮದರ್ಶಕದ ಪಕ್ಕಕ್ಕೆ ವಾಲಿತ್ತು. ತಲೆಯ ಹಿಂಭಾಗ ಒಡೆದುಹೋಗಿತ್ತು. ರಕ್ತ ಮೇಜಿನಂಚಿನಿಂದ ಇಳಿದು ನೆಲದ ಮೇಲೆ ಹೆಪ್ಪುಗಟ್ಟಿತ್ತು. ಕೈಗಳನ್ನು ಕುರ್ಚಿಯ ಹಿಂದಕ್ಕೆ ಬಿಗಿದಿದ್ದರು—ಪ್ರಯೋಗಾಲಯದ ನೀಲಿ ಟೇಪಿನಿಂದ. ಬಾಯಿಗೂ ಅದೇ ಟೇಪು. ಕಾಲ ಬಳಿ ಗ್ಯಾಸ್ ಸಿಲಿಂಡರ್ ಬಿಚ್ಚುವ ಸ್ಪ್ಯಾನರ್ ಬಿದ್ದಿತ್ತು; ಅದಕ್ಕೆ ಬಿಳಿ ಕೂದಲು ಅಂಟಿಕೊಂಡಿತ್ತು.

ರಂಜಾನಿನ ಹನ್ನೊಂದನೆಯ ಉಪವಾಸ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಕಿರುಚಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಈ ಪ್ರಯೋಗಾಲಯದ ಉಸ್ತುವಾರಿ ನನ್ನದು. ಏನಾದರೂ ಒಡೆದರೆ ಯಾರೂ ಮುಟ್ಟದಂತೆ ಮೊದಲು ಬಾಗಿಲು ಹಾಕುವುದು ನನ್ನ ಅಭ್ಯಾಸ. ಹಾಗೇ ಮಾಡಿದೆ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದೆ.

ಬಂದವರು ಇನ್ಸ್‌ಪೆಕ್ಟರ್ ಚಿಯಾ. ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ಶವವನ್ನು ಸುತ್ತುಹಾಕಿ ನೋಡಿ ನನ್ನತ್ತ ತಿರುಗಿದರು.

"ರೊಸ್ನಾನಿ ಅಕ್ಕ, ಒಂದೇ ಏಟಿಗೆ ಸತ್ತಿಲ್ಲ ಇವರು. ಮೊದಲ್ನೇ ಏಟಿಗೆ ಮಂಕಾಗಿದ್ದಾರೆ. ಕಟ್ಟಿಹಾಕಿದ್ದಾರೆ. ಎಷ್ಟೋ ಹೊತ್ತಾದ ಮೇಲೆ ಮತ್ತೆ ಹೊಡೆದಿದ್ದಾರೆ. ನಡುವೆ ಏನು ಮಾಡ್ತಿದ್ರು?"

ನನಗೇನು ಗೊತ್ತು?

"ನಿನ್ನೆ ಸಂಜೆ ಯಾರ‍್ಯಾರಿದ್ರು?"

ಬಾಗಿಲು ಕಾರ್ಡಿನಿಂದ ತೆರೆಯುತ್ತದೆ. ಯಾರು ಯಾವಾಗ ಬಂದರು, ಹೋದರು ಎಂಬುದು ದಾಖಲಾಗುತ್ತದೆ. ಆರು ಗಂಟೆಯ ನಂತರ ಪ್ರೊಫೆಸರ್ ಬಿಟ್ಟರೆ ಅಲ್ಲಿದ್ದದ್ದು ಒಂದೇ ಹೆಸರು. ವೆನಿಂಗ್. ಇಂಡೋನೇಷ್ಯಾದ ಜೋಗ್ಜಾ ಊರಿನ ಹುಡುಗಿ, ಸಂಶೋಧನಾ ವಿದ್ಯಾರ್ಥಿನಿ. ಮೂರು ವರ್ಷದಿಂದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಆರು ನಲವತ್ತಕ್ಕೆ ಹೊರಹೋಗಿದ್ದಾಳೆ ಎನ್ನುತ್ತಿತ್ತು ದಾಖಲೆ.

"ಉಪವಾಸ ಬಿಡೋ ಹೊತ್ತಿಗೆ ಮನೆಗೆ ಬಂದ್ಲಾ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ತಡವಾಗಿ ಬಂದ್ಲು. ಒಂಬತ್ತಕ್ಕೆ."

"ಬಸ್ ಸ್ಟಾಪಲ್ಲಿ ಕೂತಿದ್ದೆ," ಎಂದಳು, ಕರೆಸಿದಾಗ ಬಂದ ವೆನಿಂಗ್. ತುಟಿ ಒಣಗಿತ್ತು. "ಪ್ರೊಫೆಸರ್ ನನ್ನ ಪ್ರಬಂಧಕ್ಕೆ ಸಹಿ ಹಾಕಲ್ಲ ಅಂದ್ರು. ಇನ್ನೊಂದು ವರ್ಷ ಇರು ಅಂದ್ರು. ಅಳು ಬಂತು. ಅಷ್ಟೇ."

"ಕಿರುಚಿದ್ಯಂತೆ?"

"ಕಿರುಚಿದೆ. ನೀವಾಗಿದ್ರೆ ಹಾಡ್ತಿದ್ರಾ?"

ಆಗ ಬಾಯಿ ಹಾಕಿದವರು ಡಾಕ್ಟರ್ ಓಂಗ್, ಪ್ರೊಫೆಸರ್ ನಂತರದ ಸ್ಥಾನದವರು. ಬೆಳಗಿನಿಂದಲೇ ಅವರ ದನಿಯಲ್ಲಿ ಯಜಮಾನಿಕೆ ಬಂದಿತ್ತು.

"ಇನ್ಸ್‌ಪೆಕ್ಟರ್, ಬಾಯಿಗೆ ಹಾಕಿದ ಟೇಪ್ ನೋಡಿದ್ರಾ? ತುದಿ ಮಡಚಿದೆ. ಯಾಕೆ? ಬೇಕಾದಾಗ ಸುಲಭವಾಗಿ ಕಿತ್ತು ಕೇಳೋಕೆ—'ಸಹಿ ಹಾಕ್ತೀರೋ ಇಲ್ವೋ?' ಇಲ್ಲಿ ಸಹಿ ಬೇಕಾಗಿದ್ದು ಒಬ್ಬಳಿಗೇ."

"ಮತ್ತೆ ಅವರ ಕುರ್ಚಿ ಬೇಕಾಗಿದ್ದು?" ಎಂದರು ಚಿಯಾ.

ಓಂಗ್ ಮುಖ ಕೆಂಪಾಯಿತು. "ನಾನು ನಿನ್ನೆ ಕೌಲಾಲಂಪುರದಲ್ಲಿದ್ದೆ. ನಲವತ್ತು ಜನರ ಮುಂದೆ ಭಾಷಣ ಮಾಡ್ತಿದ್ದೆ."

ಅದು ನಿಜವಾಗಿತ್ತು. ಹತ್ತೂವರೆಗೆ ವೆನಿಂಗ್‌ಳ ಕೈಗೆ ಬೇಡಿ ಬಿತ್ತು. ಸಿಂಗಪುರದಲ್ಲಿ ಕೊಲೆಗೆ ನೇಣು.

"ಅಕ್ಕ," ಎಂದಳು ಹುಡುಗಿ, "ನಿಮಗೂ ಅನುಮಾನಾನಾ?"

ನಾನು ತಲೆಯಾಡಿಸಿದೆ. ಇಲ್ಲ ಎಂದು ಅವಳಿಗೆ ಅರ್ಥವಾಯಿತೋ ಇಲ್ಲವೋ.

ಎಲ್ಲರ ಚೀಲಗಳನ್ನೂ ಶೋಧಿಸಿದರು. ನನ್ನದನ್ನು ಚಿಯಾ ಅವರೇ ನೋಡಿದರು. ನಮಾಜಿನ ಬಟ್ಟೆ, ಮಾತ್ರೆಗಳು, ಒಂದು ಖರ್ಜೂರದ ಡಬ್ಬಿ. ಡಬ್ಬಿಯನ್ನು ಎತ್ತಿದವರು ಕೆಳಗಿಡಲಿಲ್ಲ.

"ಇದನ್ನ ಅಂಟಿಸಿದ್ದು ಯಾರು?"

ಮುಚ್ಚಳದ ಸುತ್ತ ನೀಲಿ ಟೇಪು. ಅದರ ತುದಿ ಉಗುರಿನಷ್ಟು ಅಗಲಕ್ಕೆ ಒಳಮುಖವಾಗಿ ಮಡಚಿತ್ತು.

ಬಾಯಾರಿಕೆ ಏನೆಂದು ನನಗೆ ಆ ದಿನ ಆ ಗಳಿಗೆಯಲ್ಲಿ ತಿಳಿಯಿತು. ಹದಿನೆಂಟು ವರ್ಷಗಳಿಂದ ಪ್ರತಿ ರಂಜಾನಿಗೂ ನನಗೆ ಖರ್ಜೂರ ತಂದುಕೊಡುವ ಕೈ ಅದು. ನನ್ನ ಗಂಡ ಸತ್ತಾಗ ಮೂರು ದಿನ ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ಕೈ. ಸುಮ್ಮನಿದ್ದರೆ ವೆನಿಂಗ್ ಸಾಯುತ್ತಾಳೆ. ಹೇಳಿದರೆ—

"ಬೀ ಎಂಗ್," ಎಂದೆ. "ನಿನ್ನೆ ಅವಳ ಕೊನೇ ದಿನ. ಐದು ಗಂಟೆಗೆ ಬಂದು ಕೊಟ್ಟು ಹೋದ್ಲು."

"ಏನು ಕೆಲಸ ಅವರದ್ದು?"

"ಪದರ ಬಿಡಿಸೋದು."

ಪೆನ್ಸಿಲ್ಲಿನ ಒಳಗಿರುವ ಗ್ರಾಫೈಟನ್ನು ಟೇಪಿಗೆ ಒತ್ತಿ, ಮಡಚಿ, ಕಿತ್ತು, ಮತ್ತೆ ಮಡಚಿ, ಕಿತ್ತು—ಕೊನೆಗೆ ಒಂದೇ ಪರಮಾಣುವಿನಷ್ಟು ದಪ್ಪದ ಗ್ರಾಫೀನ್ ಉಳಿಯುವವರೆಗೆ. ನೇರಳೆ ಸಿಲಿಕಾನ್ ಬಿಲ್ಲೆಯ ಮೇಲೆ ಅದು ನೆರಳಿನ ನೆರಳಿನಂತೆ ಕಾಣುತ್ತದೆ. ಪ್ರೊಫೆಸರ್ ಹೆಸರು ಮಾಡಿದ್ದು ಅಂಥ ಒಂದು ಚೂರಿನಿಂದ. ಅದನ್ನು ಬಿಡಿಸಿದವಳು, ಹುಡುಕಿದವಳು ಬೀ ಎಂಗ್. ಪ್ರತಿ ವರ್ಷ ಶಾಲೆಯ ಮಕ್ಕಳು ಬಂದಾಗ ಅವಳು ಮೂಲೆಯಲ್ಲಿ ಕೂತು ಬಿಡಿಸಿ ತೋರಿಸುತ್ತಿದ್ದಳು. ಪ್ರೊಫೆಸರ್ ತಮ್ಮ ಕೈಯನ್ನೇ ಮೇಲೆತ್ತಿ, "ಜಗತ್ತಿನ ಅತಿ ತೆಳುವಾದ ವಸ್ತುವನ್ನ ತೆಗೆದ ಕೈ ಇದು," ಎನ್ನುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

"ಈಗ ಎಲ್ರೂ ಇದನ್ನೇ ಮಾಡ್ತಾರಾ?"

"ಇಲ್ಲ. ವೆನಿಂಗ್ ಕುಲುಮೆಯಲ್ಲಿ ಅಂಗೈ ಅಗಲದ ಗ್ರಾಫೀನ್ ಹಾಳೆ ಬೆಳೆಸ್ತಾಳೆ. ಟೇಪ್ ಮುಟ್ಟೋದೇ ಇಲ್ಲ. ಅದಕ್ಕೇ ಬೀ ಎಂಗ್ ಕೆಲಸ ಹೋಗಿದ್ದು."

ಬೀ ಎಂಗ್ ಕೆಳಗೆ ಕ್ಯಾಂಟೀನಿನಲ್ಲಿದ್ದಳು. ಬಿಳಿ ಕೋಟು ವಾಪಸ್ ಕೊಡಲು ಬಂದಿದ್ದಳಂತೆ. ಮುಂದಿದ್ದ ಕಾಫಿ ತಣ್ಣಗಾಗಿತ್ತು.

ಚಿಯಾ ಎದುರು ಕೂತರು. "ನಿಮ್ಮ ಹೆಸರು ದಾಖಲೆಯಲ್ಲಿಲ್ಲ."

"ಆರು ಗಂಟೆಗೆ ನನ್ನ ಕಾರ್ಡ್ ರದ್ದಾಯ್ತು."

"ಹಾಗಾದ್ರೆ ಒಳಗಿಂದ ಬಾಗಿಲು ತೆಗೆದದ್ದು ಪ್ರೊಫೆಸರೇ. ನಿಮ್ಮನ್ನ ನೋಡಿ ಯಾಕೆ ಹೆದರ್ತಾರೆ?"

ಬೀ ಎಂಗ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಟೇಪಿನ ತುದಿ ಮಡಚಿದ್ದನ್ನ ಎಲ್ರೂ ನೋಡಿದ್ರು. ಬಾಯಿ ಬಿಡಿಸೋಕೆ ಅಂತ ಓಂಗ್ ಹೇಳಿದ್ರು, ನಾನೂ ನಂಬಿದೆ. ಆದ್ರೆ ಕೈ ಕಟ್ಟಿದ ಟೇಪಿನ ತುದಿಯೂ ಮಡಚಿತ್ತು. ಕೊಲ್ಲೋಕೆ ಬಂದವರು ಕೈಕಟ್ಟು ಬಿಚ್ಚೋಕೆ ಯಾಕೆ ಅನುಕೂಲ ಮಾಡಿಡ್ತಾರೆ? ಯೋಚಿಸಿ ಮಾಡಿದ್ದಲ್ಲ ಅದು. ದಿನಕ್ಕೆ ನೂರು ಸಲ ಟೇಪ್ ಕಿತ್ತು ಅಂಟಿಸೋ ಬೆರಳಿನ ರೂಢಿ. ಸ್ಪ್ಯಾನರ್ ಮೇಲೆ ಬೆರಳ ಗುರುತಿಲ್ಲ, ಟೇಪಿನ ಹೊರಗೂ ಇಲ್ಲ. ಗವಸು ಹಾಕಿದ್ರಿ. ಆದ್ರೆ ರಬ್ಬರ್ ಗವಸಲ್ಲಿ ತುದಿ ಮಡಚೋಕಾಗುತ್ತಾ?"

"ಆಗಲ್ಲ," ಎಂದಳು ಬೀ ಎಂಗ್, ಹೊಸ ವಿದ್ಯಾರ್ಥಿಗೆ ಹೇಳಿಕೊಡುವಂತೆ. "ಅಂಟ್ಕೊಳ್ಳುತ್ತೆ. ಬಲಗೈದು ತೆಗೀಬೇಕು."

"ಹಾಗಾದ್ರೆ ಆ ಮಡಿಕೆಯ ಒಳಗೆ ಬೆರಳ ಗುರುತು ಇರುತ್ತೆ. ಅದನ್ನ ಇನ್ನೂ ಯಾರೂ ಬಿಚ್ಚಿಲ್ಲ. ಬಿಚ್ಚಿಸ್ಲಾ?"

ಬೀ ಎಂಗ್ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಅದರ ಗೆರೆಗಳಲ್ಲಿ ಎಂದೂ ತೊಳೆದು ಹೋಗದ ಬೂದು ಹೊಳಪಿತ್ತು.

"ಬೇಡ. ನಂದೇ."

"ಎರಡು ಏಟಿನ ನಡುವೆ ಏನು ಮಾಡ್ತಿದ್ರಿ?"

"ಮಾತಾಡ್ತಿದ್ದೆ. ಹದಿನೆಂಟು ವರ್ಷ ಅವರು ಮಾತಾಡಿದ್ರು, ನಾನು ಕೇಳಿದೆ. ಒಂದು ಗಂಟೆ ಅವರು ಕೇಳ್ಲಿ ಅಂತ ಬಾಯಿಗೆ ಹಾಕಿದೆ. ನಾನು ಅಳ್ತಾ ಹೇಳ್ತಿದ್ದೆ. ಅವರು ಗೋಡೆ ಗಡಿಯಾರ ನೋಡಿದ್ರು, ಇನ್ಸ್‌ಪೆಕ್ಟರ್. ತಲೇಲಿ ರಕ್ತ ಸುರೀತಿದ್ರೂ ಗಡಿಯಾರ ನೋಡಿದ್ರು." ಅವಳ ದನಿ ಏರಲಿಲ್ಲ. "ಆಮೇಲೆ ಎಷ್ಟು ಹೊಡೆದ್ನೋ ಲೆಕ್ಕ ಇಲ್ಲ."

"ವೆನಿಂಗ್‌ನ ಹಿಡಿದಿದ್ದು ಗೊತ್ತಿತ್ತಾ?" ಕೇಳಿದ್ದು ನಾನು.

"ಗೊತ್ತಿತ್ತು ಅಕ್ಕ. ಇಲ್ಲಿ ಕೂತು ಕಾಫಿ ನೋಡ್ತಿದ್ದೆ. ಹೋಗಿ ಹೇಳ್ಬೇಕು ಅಂತ್ಲೂ ಅನ್ನಿಸ್ತು. ನನ್ನ ಕೆಲಸ ತೆಗೆದಿದ್ದು ಅವಳ ಕುಲುಮೆ ಅಲ್ವಾ, ಇರ್ಲಿ ಅಂತ್ಲೂ ಅನ್ನಿಸ್ತು."

ನನಗೆ ಅವಳ ಮುಖ ನೋಡಲಾಗಲಿಲ್ಲ. ಬೇಡಿಯ ಸದ್ದು ಕೇಳಿ ತಲೆ ಎತ್ತಿದೆ. ಬಾಗಿಲವರೆಗೆ ಹೋದವಳು ತಿರುಗಿದಳು.

"ಖರ್ಜೂರ ತಿಂದ್ರಾ?"

"ಇನ್ನೂ ಇಲ್ಲ."

"ನಿಮ್ಮ ಉಗುರು ಸೀಳುತ್ತಲ್ಲ ಅಕ್ಕ, ಅದಕ್ಕೆ ಮಡಚಿದ್ದೆ," ಎಂದಳು. "ನಿಮ್ಮದನ್ನ ಮಾತ್ರ ನೆನಪಿಟ್ಟು ಮಡಚಿದ್ದು."