ಎರಡು ಡಿಗ್ರಿಗೆ ಎದ್ದ ಆಂಟೆನಾ

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಬಿಟಿಎಂ ಲೇಔಟಿನ ಠಾಣೆಗೆ ಬಂದ ದೂರನ್ನು ಎಸ್‌ಐ ವಿಜಯಲಕ್ಷ್ಮಿ ಎರಡು ಸಲ ಓದಿದಳು. ಚಿಕ್ಕಬೈರಪ್ಪ ಎಂಬವರ ಮನೆಯ ತಾರಸಿಯಲ್ಲಿದ್ದ ಮೊಬೈಲ್ ಟವರಿನ ಆಂಟೆನಾವನ್ನು ಯಾರೋ ಒಂದೇ ತಿಂಗಳಲ್ಲಿ ಮೂರು ಸಲ ತಿರುಗಿಸಿದ್ದರು. ಕಳುವಾದದ್ದು ಏನೂ ಇಲ್ಲ. ಅಜ್ಜಿ ಕತೆಯ ಕಳ್ಳರೂ ಹಿತ್ತಲ ಕುಂಬಳಕಾಯಿಯನ್ನಾದರೂ ಹೊತ್ತೊಯ್ಯುತ್ತಾರೆ.

"ಮೂರು ಸಲ ಹತ್ತಿ ಒಂದು ನಟ್ಟೂ ಒಯ್ದಿಲ್ಲ. ಇವನ್ಯಾವ ಸೀಮೆ ಕಳ್ಳ ಮೇಡಂ," ಎಂದ ಕಾನ್‌ಸ್ಟೆಬಲ್ ಪಿಳ್ಳಪ್ಪ.

ಎಫ್‌ಐಆರ್ ದಾಖಲಿಸಿ, ಹನ್ನೊಂದಕ್ಕೆ ಪಂಚನಾಮೆಗೆಂದು ತಾರಸಿ ಹತ್ತಿದರು. ದೂರು ಕೊಟ್ಟಿದ್ದ ಕಂಪನಿಯ ಸೂಪರ್‌ವೈಸರ್ ಸೀನು ಬೋಲ್ಟಿನ ಪಕ್ಕದ ಗುರುತು ತೋರಿಸಿದ. ಆರು ಡಿಗ್ರಿ ಕೆಳಕ್ಕೆ ಬಾಗಿರಬೇಕಿದ್ದ ಆಂಟೆನಾ ಎರಡಕ್ಕೆ ಎದ್ದು ನಿಂತಿತ್ತು.

"ನಾಲ್ಕು ಡಿಗ್ರಿಗೆ ಏನಾಗತ್ತೆ?"

"ಬಾಗಿದ್ರೆ ಹತ್ತಿರದೋರಿಗೆ ಸಖತ್ ಸಿಗ್ನಲ್ ಮೇಡಂ. ಎತ್ತಿದ್ರೆ ದೂರ ಹೋಗಿ ಪಕ್ಕದ ಟವರಿಗೆ ಅಡ್ಡ ಬರತ್ತೆ, ಎಲ್ಲರ ಸ್ಪೀಡೂ ಬೀಳತ್ತೆ. ಆರು ಮಾಡಿದ್ಮೇಲೆ ನಮ್ಮ ರಿಪೋರ್ಟ್ ಪೂರ್ತಿ ಹಸಿರು, ಒಂದು ಕೆಂಪು ಗುರುತೂ ಇಲ್ಲ."

"ಎತ್ತಿದ್ರೆ ಯಾರಿಗೆ ಅನುಕೂಲ?"

ಸೀನು ಕೆರೆಯ ಕಡೆ ಕೈ ತೋರಿದ. "ಆ ಕೊನೇ ಗಲ್ಲಿಗೆ ಅಷ್ಟೇ. ಅಲ್ಲಿಂದ ಒಂದು ಕಂಪ್ಲೇಂಟೂ ಬಂದಿಲ್ಲ."

ತಾರಸಿಯ ಬೀಗ ತೆಗೆದುಕೊಟ್ಟದ್ದು ಯಾರಿಗೆಂದು ಕೇಳಿದರೆ ಚಿಕ್ಕಬೈರಪ್ಪ ತಡವರಿಸಲಿಲ್ಲ. "ಮೌನೇಶಂಗೆ ಕಣಮ್ಮ. ಕಂಪನಿ ಕಾರ್ಡ್ ತೋರಿಸ್ದ. ಮೂರು ಸಲಾನೂ ನಮ್ಮನೆ ಕಾಫಿ ಕುಡ್ದೇ ಹೋದ."

ಸೀನುವಿನ ಮುಖ ಸಪ್ಪಗಾಯಿತು. "ಅವನು ಆಫೀಸಲ್ಲಿ ಕೂತು ಡಿಸೈನ್ ಮಾಡೋನು ಮೇಡಂ, ಟವರ್ ಹತ್ತೋನಲ್ಲ. ಹೆಂಡ್ತಿ ತೀರ್ಕೊಂಡ್ಮೇಲೆ ಕೆಲಸಕ್ಕೇ ಬಂದಿಲ್ಲ."

ಮೌನೇಶನ ಬಾಡಿಗೆ ಮನೆ ಅದೇ ಕೊನೆಯ ಗಲ್ಲಿಯಲ್ಲಿ, ಮಹಡಿಯ ಮೇಲೆ. ಕೆಳಮನೆಗೆ ಹೊಸದಾಗಿ ಬಂದಿದ್ದ ತುಂಬು ಬಸುರಿ ಸಮನ್ವಿತಾ ಮೆಟ್ಟಿಲ ಮೇಲೆ ಕೂತು ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ಪೊಲೀಸರನ್ನು ಕಂಡ ಮೌನೇಶ ತಾನೇ ಸ್ಪ್ಯಾನರ್ ತಂದು ಮುಂದಿಟ್ಟ.

"ನೀವೇನಾ ತಿರುಗಿಸಿದ್ದು?"

"ಹೌದ್ರಿ. ಆರಕ್ಕ ಬಾಗಸ್ರಿ ಅಂತ ಬರದುಕೊಟ್ಟಾಂವನೂ ನಾನ ರಿ."

"ಮತ್ಯಾಕೆ?"

ಅವನು ಹೆಂಡತಿ ಶ್ವೇತಾಳ ಫೋನು ಮುಂದೆ ಹಿಡಿದ. ಆಷಾಢದ ಒಂದು ಮಧ್ಯಾಹ್ನ, ಎರಡೂ ಹತ್ತರಿಂದ ಮೂರರೊಳಗೆ, ಅವನ ಹೆಸರಿಗೆ ಹನ್ನೊಂದು ಕರೆ; ಒಂದೂ ಹೋಗಿರಲಿಲ್ಲ.

"ಬಾಗಿಸಿ ಮೂರನೇ ದಿನ ರಿ. ಆರು ತಿಂಗಳ ಬಸರಿ, ರಕ್ತ ಹೋಗಾಕ ಹತ್ತಿತ್ತು. ಕೆಳಗಿನ ಮನಿ ಖಾಲಿ ಇತ್ತು. ನಾ ಮೀಟಿಂಗ್‌ನ್ಯಾಗ ಹಸಿರು ರಿಪೋರ್ಟ್ ತೋರಸ್ತಿದ್ದೆ."

"ಆಮೇಲಾದ್ರೂ ಆಫೀಸಿಗೆ ಹೇಳ್ಬೇಕಿತ್ತು."

"ಪತ್ರ ಬರದೆ ರಿ. ಎತ್ತಿದ್ರ ಸರಾಸರಿ ಸ್ಪೀಡ್ ಬೀಳ್ತದ ಅಂದ್ರು. ಟವರ್ ಮುಟ್ಟದ ಕರೆ ಫೇಲ್ ಅಂತ ಲೆಕ್ಕಕ್ಕ ಬರಂಗಿಲ್ಲ ಮೇಡಂ. ಅದು ಹುಟ್ಟೇ ಇಲ್ಲ ಅಂತಾರ."

ಒಂದೂ ಕಾಲಿಗೆ ಬಂಧನವಾಯಿತು. ಜೀಪು ಹತ್ತುವಾಗ ಮೌನೇಶ ಮೆಟ್ಟಿಲ ಮೇಲಿದ್ದ ಸಮನ್ವಿತಾಳ ಕಡೆ ನೋಡಿದ. "ನನ್ನ ಏನರ ಮಾಡ್ರಿ. ಅದನ್ನ ಎರಡಕ್ಕ ಬಿಡಾಕ ಹೇಳ್ರಿ. ಆಕಿ ಅದಾಳ."

ವಿಜಯಲಕ್ಷ್ಮಿ ಜೀಪಿನ ಬಾಗಿಲು ಹಾಕಿದಳು. ಪಂಚನಾಮೆ ಮುಗಿದಿತ್ತು, ಅತ್ತ ತಾರಸಿಯಲ್ಲಿ ಸೀನು ಆಗಲೇ ಆಂಟೆನಾವನ್ನು ಆರಕ್ಕೆ ಬಾಗಿಸಿ ಬೋಲ್ಟು ಬಿಗಿಯುತ್ತಿದ್ದ. ಸಮನ್ವಿತಾ "ಹಲೋ, ಅಮ್ಮಾ, ಹಲೋ" ಎನ್ನುತ್ತ ಫೋನು ಕಿವಿಯಿಂದ ತೆಗೆದು ನೋಡಿದಳು.

ಆ ಹನ್ನೊಂದು ಕರೆಗಳ ವಿವರ ಕೋರಿ ವಿಜಯಲಕ್ಷ್ಮಿ ಕಂಪನಿಗೆ ಪತ್ರ ಬರೆದಳು. ಒಂಬತ್ತನೇ ದಿನ ಉತ್ತರ ಬಂತು: ಸದರಿ ದಿನ, ಸದರಿ ವೇಳೆಯಲ್ಲಿ, ಸದರಿ ಪ್ರದೇಶದಲ್ಲಿ ವಿಫಲವಾದ ಕರೆಗಳು ಸೊನ್ನೆ. ಅವಳು ಅದನ್ನು ಕಡತಕ್ಕೆ ಸೇರಿಸಿದಳು.